ಗೊತ್ತಿಲ್ಲದವರ ದನಿಗೆ ವಾದ್ಯ ಕಟ್ಟುವಾಗ

ಪ್ರಶ್ನೆ: ಯಾರೋ ಒಬ್ಬರು ಬರೀ ಗಂಟಲಲ್ಲಿ ಹಾಡಿ ಹಾಕಿರುವ ರೆಕಾರ್ಡಿಂಗ್ ಒಂದು ಸಿಕ್ಕಿದೆ. ಅವರ ಪರಿಚಯ ನನಗಿಲ್ಲ. ಸುಮಾರು ಎರಡೂವರೆ ನಿಮಿಷದ ಹಾಡು. ಶ್ರುತಿಗೆ ಏನೂ ಇಟ್ಟುಕೊಂಡಿಲ್ಲ, ತಾಳವೂ ಇಲ್ಲ, ಮೊಬೈಲ್‌ನಲ್ಲಿ ಹಾಡಿದಂತಿದೆ. "ಯಾರು ಬೇಕಾದರೂ ಇದಕ್ಕೆ ಸಂಗೀತ ಸೇರಿಸಬಹುದು" ಎಂದು ಕೆಳಗೆ ಬರೆದಿದ್ದಾರೆ. ನನ್ನ ಹತ್ತಿರ ಕೀಬೋರ್ಡ್, ಗಿಟಾರ್, ಕಂಪ್ಯೂಟರ್ ಇವೆ. ಕ್ಲಿಕ್ (ಟಿಕ್ ಟಿಕ್ ಎಂದು ಬೀಟ್ ಎಣಿಸುವ ಸದ್ದು) ಹಾಕಿ ಶುರು ಮಾಡಿದರೆ ನಾಲ್ಕು ಸಾಲು ಆಗುವಷ್ಟರಲ್ಲಿ ದನಿ ಕ್ಲಿಕ್‌ನಿಂದ ಜಾರಿಹೋಗುತ್ತದೆ. ಸ್ಕೇಲ್ ಸರಿಯಾಗೇ ಹುಡುಕಿದ್ದೇನೆ, ಆದರೂ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೂರುತ್ತಿಲ್ಲ. ಮೊದಲು ದನಿಯನ್ನು ಸಾಫ್ಟ್‌ವೇರ್‌ನಲ್ಲಿ ತಿದ್ದಿಕೊಂಡು ಆಮೇಲೆ ಸಂಗೀತ ಮಾಡಲಾ?

ಉತ್ತರ: ಬೇಡ. ದನಿಯನ್ನು ತಿದ್ದಬೇಡಿ, ಕ್ಲಿಕ್ಕನ್ನೂ ಕಾರ್ಡ್‌ಗಳನ್ನೂ ತಿದ್ದಿ.

ನಿಮ್ಮ ಎರಡು ತೊಂದರೆಗಳಿಗೂ ಕಾರಣ ಒಂದೇ. ನೀವು ಮೊದಲು ಒಂದು ಚೌಕಟ್ಟು ಹಾಕಿಕೊಂಡು ಆಮೇಲೆ ಹಾಡನ್ನು ಅದರೊಳಗೆ ತುರುಕುತ್ತಿದ್ದೀರಿ. ಹಾಡುವಾಗ ಅವರ ಮುಂದೆ ಆ ಚೌಕಟ್ಟು ಇರಲಿಲ್ಲ. ಅವರ ಉಸಿರು, ಅವರಿಗೆ ಒದಗಿದ ಶ್ರುತಿ, ಅವರದೇ ನಡೆ, ಇಷ್ಟೇ ಇದ್ದದ್ದು. ಇಬ್ಬರು ಎದುರುಬದುರು ಕೂತು ಹಾಡಿ ನುಡಿಸುವಾಗ ಒಬ್ಬರಿಗೊಬ್ಬರು ಹೊಂದಿಕೊಳ್ಳುತ್ತಾರೆ, ಅಲ್ವಾ? ಇಲ್ಲಿ ಒಬ್ಬರ ಪಾಲು ಆಗಲೇ ಮುಗಿದುಹೋಗಿದೆ. ಹೊಂದಿಕೊಳ್ಳುವ ಕೆಲಸ ಪೂರ್ತಿ ನಿಮ್ಮದು.

ಹಾಗಾಗಿ ಸಾಫ್ಟ್‌ವೇರ್ ತೆರೆಯುವ ಮೊದಲು ಹಾಡನ್ನು ಕಲಿತುಬಿಡಿ. ಸುಮ್ನೆ ಕೇಳಿದರೆ ಸಾಲದು. ಅವರ ಜೊತೆ ಹಾಡಲು ಬರಬೇಕು, ಅವರು ಉಸಿರು ತಗೊಳ್ಳುವ ಕಡೆಯೇ ನೀವೂ ತಗೊಳ್ಳಬೇಕು. ಸಾಹಿತ್ಯವನ್ನು ಕಾಗದದ ಮೇಲೆ ಬರೆದುಕೊಂಡು ಉಸಿರು ಬಂದ ಕಡೆಯೆಲ್ಲ ಒಂದು ಗೀಟು ಹಾಕಿ. ಎಲ್ಲಿ ಓಡುತ್ತಾರೆ, ಎಲ್ಲಿ ಎಳೆಯುತ್ತಾರೆ, ಯಾವ ಸಾಲಲ್ಲಿ ದನಿ ತೆಳುವಾಗುತ್ತದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಮುಂದಿನ ಎಲ್ಲ ಕೆಲಸಕ್ಕೂ ಈ ಕಾಗದವೇ ಆಧಾರ.

ಈಗ ಕ್ಲಿಕ್ ಜಾರುವ ವಿಷಯ. ಹಾಡಿದವರಿಗೆ ಲಯ ಇಲ್ಲ ಎಂದು ನಿಮಗೆ ಅನಿಸಿರಬಹುದು. ಸಾಮಾನ್ಯವಾಗಿ ಹಾಗಿರುವುದಿಲ್ಲ. ಒಂದು ಸಾಲನ್ನು ಮಾತ್ರ ಕತ್ತರಿಸಿ ಕೇಳಿ, ಸಾಲಿನೊಳಗೆ ನಡೆ ಬಹುಮಟ್ಟಿಗೆ ಸಮವಾಗಿರುತ್ತದೆ. ಜಾರುವುದು ಸಾಲುಗಳ ನಡುವಿನ ಉಸಿರಿನಲ್ಲಿ. ಒಂದು ಲೆಕ್ಕ ನೋಡಿ. ಹಾಡು 80 ಬಿಪಿಎಂ, ಅಂದರೆ ನಿಮಿಷಕ್ಕೆ 80 ಬೀಟ್ ನಡೆಯಲ್ಲಿದೆ ಎಂದುಕೊಳ್ಳಿ. ಆಗ ಒಂದು ಬೀಟ್‌ಗೆ 0.75 ಸೆಕೆಂಡು, ಎಂಟು ಬೀಟ್‌ನ ಸಾಲಿಗೆ 6 ಸೆಕೆಂಡು. ಸಾಲು ಮುಗಿದ ಮೇಲೆ ಅವರು 1.1 ಸೆಕೆಂಡು ಉಸಿರು ತಗೊಂಡರು. ಅದು ಹೆಚ್ಚುಕಮ್ಮಿ ಒಂದೂವರೆ ಬೀಟ್. ಕ್ಲಿಕ್‌ಗೆ ಅರ್ಧ ಬೀಟ್ ಗೊತ್ತಿಲ್ಲ. ಹೀಗೆ ಪ್ರತಿ ಸಾಲಿಗೂ ಅರ್ಧರ್ಧ ಸೇರಿ ನಾಲ್ಕು ಸಾಲು ಮುಗಿಯುವ ಹೊತ್ತಿಗೆ ಸುಮಾರು ಎರಡು ಬೀಟ್ ಆಚೀಚೆ ಆಗಿರುತ್ತದೆ. ನಿಮಗೆ ಆಗಿರುವುದೂ ಇದೇ ಅನಿಸುತ್ತದೆ.

ಇದಕ್ಕೆ ಒಳ್ಳೆಯ ದಾರಿ ಎಂದರೆ ಟೆಂಪೊ ಮ್ಯಾಪ್, ಅಂದರೆ ಹಾಡಿನ ನಡೆ ಎಲ್ಲೆಲ್ಲಿ ಹೇಗೆ ಬದಲಾಗುತ್ತದೆ ಎಂದು ಸಾಫ್ಟ್‌ವೇರ್‌ಗೆ ಹೇಳುವ ನಕ್ಷೆ. ಕ್ಲಿಕ್ ಆಫ್ ಮಾಡಿ, ಹಾಡು ಹಾಕಿಕೊಂಡು, ಕೀಬೋರ್ಡ್‌ನ ಒಂದೇ ಕೀಯನ್ನು ಬೀಟ್‌ಗೆ ಸರಿಯಾಗಿ ಒತ್ತುತ್ತಾ ರೆಕಾರ್ಡ್ ಮಾಡಿ. ಒಂದೆರಡು ಸಲ ಮಾಡಿದರೆ ಕೈ ಕೂರುತ್ತದೆ. ಆಮೇಲೆ ಆ ಒತ್ತುಗಳನ್ನು ನೋಡಿಕೊಂಡು ಪ್ರಾಜೆಕ್ಟಿನ ಬಾರ್ ಗೆರೆಗಳನ್ನು (ಬೀಟ್‌ಗಳ ಒಂದೊಂದು ಸುತ್ತು ಶುರುವಾಗುವ ಗೆರೆಗಳು) ಹಾಡಿನ ಮೇಲೆ ತಂದು ಕೂರಿಸಿ. ರೀಪರ್, ಲಾಜಿಕ್, ಕ್ಯೂಬೇಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಎಲ್ಲದರಲ್ಲೂ ಇದಕ್ಕೆ ಸೌಲಭ್ಯ ಇದೆ. ಏಬಲ್ಟನ್ ಲೈವ್‌ನಲ್ಲಿ ವಾರ್ಪ್ ಮಾಡಿದ (ಬೀಟ್‌ಗಳ ಜಾಗ ಗುರುತಿಸಿದ) ದನಿಯ ಕ್ಲಿಪ್ಪನ್ನೇ ಟೆಂಪೊ ಲೀಡರ್ ಮಾಡಿಬಿಟ್ಟರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಇದನ್ನು ಮಾಡದಿದ್ದರೆ ಅದು ದನಿಯನ್ನೇ ಎಳೆದು ಪ್ರಾಜೆಕ್ಟಿನ ಟೆಂಪೊಗೆ ಹಾಕುತ್ತದೆ, ಅಲ್ಲಿ ಹುಷಾರಾಗಿರಿ. ಟೆಂಪೊ ಗುರುತುಗಳನ್ನು ಪ್ರತಿ ಬೀಟ್‌ಗೂ ಹಾಕಬೇಡಿ. ಸಾಲಿನ ಎತ್ತುಗಡೆಗೆ ಒಂದು, ತುಂಬಾ ಎಳೆದ ಕಡೆ ಇನ್ನೊಂದು, ಸಾಕು. ಬೀಟ್ ಬೀಟ್‌ಗೂ ಹಾಕಿದರೆ ನಿಮ್ಮ ಡ್ರಮ್ಸ್ ಕುಡಿದವರ ಹಾಗೆ ನಡೆಯುತ್ತದೆ.

ಆ ಹೆಚ್ಚುವರಿ ಉಸಿರಿನ ಜಾಗಕ್ಕೆ ಎರಡು ಬೀಟ್‌ನ ಒಂದು ಪುಟ್ಟ ಬಾರ್ ಇಟ್ಟು ನೋಡಿ. ಎಷ್ಟೋ ಹಾಡುಗಳಲ್ಲಿ ಅದು ಹಾಗೇ ಕೂತುಬಿಡುತ್ತದೆ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಮೇಲಿನ ಲೆಕ್ಕದಲ್ಲಿ ಎರಡು ಬೀಟ್ ಎಂದರೆ 1.5 ಸೆಕೆಂಡು, ಉಸಿರು 1.1 ಸೆಕೆಂಡು. ಟೆಂಪೊವನ್ನು ಆ ಪುಟ್ಟ ಬಾರ್‌ನಲ್ಲಿ ಮಾತ್ರ ಸುಮಾರು 109 ಬಿಪಿಎಂಗೆ ಏರಿಸಿದರೆ ಆಯಿತು. ಹಾಗೂ ಆಗದಿದ್ದರೆ ಮೌನದಲ್ಲಿ ಕತ್ತರಿಸಿ ಮುಂದಿನ ಸಾಲನ್ನು 0.4 ಸೆಕೆಂಡು ತಡವಾಗಿ ಬರುವಂತೆ ಸರಿಸಬಹುದು. ಇಷ್ಟನ್ನು ನಾನು ಒಪ್ಪುತ್ತೇನೆ. ಸಾಲಿನೊಳಗೆ ಕತ್ತರಿ ಹಾಕುವುದನ್ನು ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಹೊಸಬರು ಬಹಳ ಜನ ಎಡವುವುದು ಇಲ್ಲೇ. ಬೀಟ್ ಬೀಳುವುದು ವ್ಯಂಜನದ ಮೇಲಲ್ಲ, ಸ್ವರಾಕ್ಷರ ತೆರೆದುಕೊಳ್ಳುವ ಜಾಗದಲ್ಲಿ. ಸಾಲು "ಸಾ" ಎಂದು ಶುರುವಾಗುತ್ತದೆ ಎಂದುಕೊಳ್ಳಿ. ಪರದೆಯ ಮೇಲೆ ಮೊದಲು ನುಣ್ಣಗಿನ ಒಂದು ಪಟ್ಟಿ ಕಾಣುತ್ತದೆ, ಅದು "ಸ್" ಎನ್ನುವ ಸಿಳ್ಳು, ನೂರು ಮಿಲಿಸೆಕೆಂಡಿನ ಆಸುಪಾಸು ಇರುತ್ತದೆ. ಆಮೇಲೆ ಅಲೆ ಒಮ್ಮೆಗೇ ದಪ್ಪಗಾಗುತ್ತದೆ, ಅದು "ಆ". ಹಾಡುವವರು ತಾಳಕ್ಕೆ ಇಡುವುದು ಈ "ಆ"ವನ್ನು. ನೀವು ಪಟ್ಟಿಯ ಆರಂಭವನ್ನು ಬಾರ್ ಗೆರೆಗೆ ಹಚ್ಚಿದರೆ ದನಿ ಯಾವಾಗಲೂ ತಡವಾಗಿ ಬಂದಂತೆ ಕೇಳುತ್ತದೆ, ಯಾಕೆ ಎಂದು ತಲೆ ಕೆಡಿಸಿಕೊಳ್ಳುತ್ತೀರಿ. ದಪ್ಪಗಾಗುವ ಜಾಗವನ್ನು ಗೆರೆಗೆ ಹಚ್ಚಿ.

ಲಯ ಮುಗಿಯಿತು, ಶ್ರುತಿಗೆ ಬರೋಣ. ನಿಮ್ಮ ಕಾರ್ಡ್ ಕೂರದಿರಲು ಇಲ್ಲಿ ಎರಡು ಕಾರಣ ಇರಬಹುದು.

ಮೊದಲನೆಯದು ಸುಲಭದ್ದು. ಅವರು ಯಾವ ವಾದ್ಯಕ್ಕೂ ಶ್ರುತಿ ಸೇರಿಸಿಕೊಂಡು ಹಾಡಿಲ್ಲ. ಹಾಗಾಗಿ ಅವರ ಷಡ್ಜ ಕೀಬೋರ್ಡ್‌ನ ಎರಡು ಕೀಗಳ ನಡುವೆ ಎಲ್ಲೋ ಇದೆ. ಒಂದು ಕೀಯಿಂದ ಪಕ್ಕದ ಕೀಗೆ ಇರುವ ದೂರವನ್ನು 100 ಸೆಂಟ್ ಎನ್ನುತ್ತಾರೆ. ಟ್ಯೂನರ್ ಆ್ಯಪ್ ಒಂದನ್ನು ತೆರೆದು, ಅವರು ಉದ್ದಕ್ಕೆ ಹಿಡಿದ ಸ್ವರಗಳನ್ನು ಮಾತ್ರ ಅಳೆಯಿರಿ. ಪಲ್ಲವಿ ಮುಗಿದು ನಿಲ್ಲುವ ಸ್ವರ ಇದಕ್ಕೆ ಒಳ್ಳೆಯದು. ಗಮಕ ಇದ್ದ ಕಡೆ ಮುಳ್ಳು ಆಡುತ್ತದೆ, ಅದರ ನಡುಮಧ್ಯ ಹಿಡಿಯಿರಿ. 40 ಸೆಂಟ್ ಮೇಲೆ ತೋರಿಸಿತು ಎನ್ನಿ. ಆಗ ನಿಮ್ಮ ಕೀಬೋರ್ಡ್ ಮತ್ತು ಸಾಫ್ಟ್‌ವೇರ್ ವಾದ್ಯಗಳ ಟ್ಯೂನಿಂಗನ್ನು 40 ಸೆಂಟ್ ಏರಿಸಿ. 440 ಹರ್ಟ್ಸ್ ಇರುವ ಎ ಸ್ವರ ಸುಮಾರು 450.3ಕ್ಕೆ ಬರುತ್ತದೆ. ಗಿಟಾರನ್ನು ಆ ದನಿಯನ್ನೇ ಕೇಳಿಕೊಂಡು ಶ್ರುತಿ ಮಾಡಿ. ನೂರಾರು ಸ್ವರಗಳ ದನಿಯನ್ನು ಎಳೆದಾಡುವ ಬದಲು ಒಂದು ನಾಬ್ ತಿರುಗಿಸಿದರೆ ಕೆಲಸ ಆಯಿತು.

ಅಂದಹಾಗೆ, ಹಾಡು ಸರಿಸುಮಾರು ಒಂದೂವರೆ ಕೀಯಷ್ಟು ಆಚೀಚೆ ಇದ್ದು, ವೇಗವೂ ಏನೋ ಬೇರೆ ಅನಿಸಿದರೆ ಫೈಲಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆದಿದೆ ಎಂಬ ಲೆಕ್ಕ) ನೋಡಿ. 48 ಕಿಲೋಹರ್ಟ್ಸ್ ಫೈಲನ್ನು ತಪ್ಪಿ 44.1 ಎಂದು ಓದಿದರೆ ಶ್ರುತಿ ಸುಮಾರು 147 ಸೆಂಟ್ ಇಳಿಯುತ್ತದೆ. ಇದಾಗಿದ್ದರೆ ಮೊದಲು ಸರಿಮಾಡಿ. ಇಲ್ಲದಿದ್ದರೆ ಅವರದಲ್ಲದ ದನಿಗೆ ನೀವು ಸಂಗೀತ ಮಾಡುತ್ತಿರುತ್ತೀರಿ.

ಎರಡನೇ ಕಾರಣ ಗಾಂಧಾರ. ಕೀಬೋರ್ಡ್ ಎಲ್ಲ ಸ್ವರಗಳನ್ನೂ ಸಮನಾಗಿ ಹಂಚಿಕೊಂಡಿರುವ ವಾದ್ಯ. ಅದರಲ್ಲಿ ಷಡ್ಜದಿಂದ ಮೇಜರ್ ಗಾಂಧಾರಕ್ಕೆ 400 ಸೆಂಟ್. ಕಿವಿಗೆ ಪೂರ್ತಿ ಹಿತವಾಗಿ ಬೆರೆಯುವ ಗಾಂಧಾರ ಇರುವುದು 386ರಲ್ಲಿ. ಒಂಟಿಯಾಗಿ ಹಾಡುವವರು ಕೀಬೋರ್ಡ್ ಇಟ್ಟ ಜಾಗದಲ್ಲೇ ನಿಲ್ಲಬೇಕು ಅಂತೇನಿಲ್ಲ, ಎಷ್ಟೋ ಸಲ ಕೆಳಗೇ ನಿಲ್ಲುತ್ತಾರೆ. ಅದೇ ಹೊತ್ತಿಗೆ ನಿಮ್ಮ ಕಾರ್ಡ್‌ನಲ್ಲೂ ಗಾಂಧಾರ ಮೊಳಗುತ್ತಿದ್ದರೆ ಎರಡೂ ಉಜ್ಜಾಡುತ್ತವೆ. ಸ್ಕೇಲ್ ಸರಿ ಇದ್ದರೂ ಏನೋ ಒಗ್ಗುತ್ತಿಲ್ಲ ಅನಿಸುವುದು ಇದರಿಂದಲೇ. ಪಂಚಮದಲ್ಲಿ ಈ ತೊಂದರೆ ಇಲ್ಲ, ಕೀಬೋರ್ಡ್‌ನಲ್ಲಿ ಅದು 700 ಸೆಂಟ್, ಬೆರೆಯುವ ಜಾಗ 702. ಆದ್ದರಿಂದ ದನಿ ಗಾಂಧಾರದ ಮೇಲೆ ನಿಂತಾಗೆಲ್ಲ ಕಾರ್ಡ್‌ನಿಂದ ಗಾಂಧಾರ ತೆಗೆದುಬಿಡಿ. ಸ, ಪ ಮಾತ್ರ ನುಡಿಸಿ. ಕಾರ್ಡ್ ಮೇಜರ್ರೋ ಮೈನರ್ರೋ ಎಂಬುದನ್ನು ದನಿಯೇ ಹೇಳಲಿ. ಇದೊಂದನ್ನು ಮಾಡಿ ನೋಡಿ, ನಿಮ್ಮ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಶ್ರುತಿ ನಡುವೆ ಇಳಿಯುತ್ತಾ ಹೋಗಿದ್ದರೆ? ಆಧಾರ ಇಲ್ಲದೆ ಹಾಡುವಾಗ ಇದು ಸಹಜ. ಪಲ್ಲವಿ, ಮೊದಲ ಚರಣ, ಕೊನೆಯ ಚರಣ, ಮೂರು ಕಡೆಯೂ ಷಡ್ಜ ಅಳೆದು ಕಾಗದದಲ್ಲಿ ಬರೆಯಿರಿ. ಕೊನೆಗೆ 30 ಸೆಂಟ್ ಇಳಿದಿದೆ ಎನ್ನಿ. ಎರಡು ಚರಣಗಳ ನಡುವೆ ಶ್ರುತಿ ವಾದ್ಯಗಳನ್ನೆಲ್ಲ ನಿಲ್ಲಿಸಿ, ಬರೀ ತಾಳವಾದ್ಯವೋ ಅಥವಾ ಬರೀ ದನಿಯೋ ನಾಲ್ಕಾರು ಸೆಕೆಂಡು ಇರಲಿ, ಆಮೇಲೆ ವಾದ್ಯಗಳು ಹೊಸ ಶ್ರುತಿಯಲ್ಲಿ ಒಳಗೆ ಬರಲಿ. ಕಿವಿ ಪಕ್ಕಪಕ್ಕದಲ್ಲಿ ಇಟ್ಟಾಗ ಹಿಡಿಯುವ ವ್ಯತ್ಯಾಸವನ್ನು ನಡುವೆ ಒಂದಿಷ್ಟು ಬಿಡುವು ಕೊಟ್ಟರೆ ಹಿಡಿಯುವುದಿಲ್ಲ. ಯಾವುದೋ ಒಂದೇ ಸ್ವರ ನಿಜಕ್ಕೂ ಚುಚ್ಚುವಂತಿದ್ದರೆ ಅದೊಂದನ್ನು ಮೆಲೊಡೈನ್‌ನಂಥ ಶ್ರುತಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಅಷ್ಟಿಷ್ಟು ಸರಿಸಬಹುದು. ಆದರೆ ಅವರನ್ನು ಕೇಳಿ ಮಾಡಿ. ಹಾಡಿದವರಿಗೆ ಅದು ತಪ್ಪು ಸ್ವರವೇ ಅಲ್ಲದಿರಬಹುದು.

ಇಷ್ಟಾದ ಮೇಲೆ ನಿಜವಾದ ಸಂಗೀತದ ಕೆಲಸ. ಕಾರ್ಡ್ ಆರಿಸುವಾಗ ಪ್ರತಿ ಸ್ವರದ ಹಿಂದೆ ಓಡಬೇಡಿ. ಸಾಲು ಎಲ್ಲಿ ನಿಲ್ಲುತ್ತದೆ, ಯಾವ ಸ್ವರಕ್ಕೆ ಕಾರ್ವೆ (ಉದ್ದಕ್ಕೆ ಹಿಡಿಯುವುದು) ಇದೆ, ಅವನ್ನು ಮಾತ್ರ ನೋಡಿ. ನಡುವೆ ಹಾದುಹೋಗುವ ಸ್ವರಗಳು ತಾವಾಗಿ ಹೊಂದಿಕೊಳ್ಳುತ್ತವೆ. ಒಂದೇ ಸ್ವರ ಎಷ್ಟು ಕಾರ್ಡ್‌ಗಳಲ್ಲಿ ಕೂರುತ್ತದೆ ಎಂಬುದು ಗೊತ್ತಿದ್ದರೆ ಇಲ್ಲಿ ಬಹಳ ಆಟ ಇದೆ. ಸಿ ಸ್ಕೇಲ್‌ನಲ್ಲಿ ಷಡ್ಜ ಸಿ ಮೇಜರ್‌ನಲ್ಲೂ ಇದೆ, ಎಫ್ ಮೇಜರ್‌ನಲ್ಲೂ ಇದೆ, ಎ ಮೈನರ್‌ನಲ್ಲೂ ಇದೆ. ಅವರು ನಾಲ್ಕು ಸಾಲನ್ನೂ ಷಡ್ಜದಲ್ಲೇ ನಿಲ್ಲಿಸಿದ್ದಾರೆ ಎಂದುಕೊಳ್ಳಿ. ಮೊದಲ ಸಾಲಿನ ಕೊನೆಗೆ ಸಿ, ಎರಡನೆಯದಕ್ಕೆ ಎ ಮೈನರ್, ಮೂರನೆಯದಕ್ಕೆ ಎಫ್, ಕೊನೆಗೆ ಮತ್ತೆ ಸಿ ಇಟ್ಟು ನುಡಿಸಿ. ದನಿ ಒಂದೇ ಕಡೆ ಬಂದು ನಿಲ್ಲುತ್ತಿದ್ದರೂ ಪ್ರತಿ ಸಲವೂ ಬೇರೆ ಮನಸ್ಸಿನಲ್ಲಿ ನಿಂತಂತೆ ಕೇಳುತ್ತದೆ. ಇದು ನಿಮ್ಮ ಕೈಯಲ್ಲಿರುವ ದೊಡ್ಡ ಶಕ್ತಿ. ಅದಕ್ಕೇ ಸಾಹಿತ್ಯ ಓದಿಕೊಂಡು ಬಳಸಿ. ಅವರು ಸರಳವಾಗಿ, ನೆಮ್ಮದಿಯಿಂದ ಹೇಳಿದ ಮಾತಿಗೆ ಮೈನರ್ ಕಾರ್ಡ್ ಇಟ್ಟು ಅಳಿಸಿದರೆ ಅವರು ಹೇಳದ್ದನ್ನು ಅವರ ಬಾಯಲ್ಲಿ ಹೇಳಿಸಿದಂತೆ. ನನಗೆ ಇದು ಶ್ರುತಿ ತಪ್ಪಿದ್ದಕ್ಕಿಂತ ದೊಡ್ಡ ತಪ್ಪು.

ಹಾಡು ರಾಗದ ಜಾಡಿನಲ್ಲಿದ್ದರೆ, ಗಮಕ ತುಂಬಾ ಇದ್ದರೆ, ಕಾರ್ಡ್‌ಗಳನ್ನೇ ಬಿಡಿ. ಸ, ಪ ಹಿಡಿದ ಒಂದು ಶ್ರುತಿ, ಮಧ್ಯಮ ಬಲವಾಗಿದ್ದರೆ ಸ, ಮ ಹಿಡಿದ ಶ್ರುತಿ, ಅದರ ಮೇಲೆ ಒಂದು ವಾದ್ಯ ಸಾಕು.

ವಾದ್ಯಗಳನ್ನು ಎಲ್ಲಿ ಇಡಬೇಕು ಎಂಬುದನ್ನು ನೀವು ಗೀಟು ಹಾಕಿದ ಕಾಗದ ಹೇಳುತ್ತದೆ. ದನಿ ಹಾಡುವಾಗ ವಾದ್ಯ ತಗ್ಗಿರಲಿ, ಉದ್ದುದ್ದ ಸ್ವರಗಳಲ್ಲಿರಲಿ. ದನಿ ಉಸಿರು ತಗೊಳ್ಳುವಾಗ ವಾದ್ಯ ಮಾತಾಡಲಿ. ಆ ಒಂದೂವರೆ ಬೀಟ್‌ನ ಜಾಗದಲ್ಲಿ ಗಿಟಾರ್‌ನ ಎರಡು ಸ್ವರ ಹಿಡಿಸುತ್ತದೆ. ಅವರು ಮುಗಿಸಿದ ಸ್ವರದಿಂದಲೇ ಎತ್ತಿಕೊಂಡು ಮುಂದಿನ ಸಾಲು ಶುರುವಾಗುವ ಸ್ವರದ ಹತ್ತಿರ ಬಿಟ್ಟರೆ ಇಬ್ಬರೂ ಒಟ್ಟಿಗೆ ಕೂತು ನುಡಿಸಿದಂತೆ ಕೇಳುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡುವ ಜಾಗ ಇದು. ಅವರು ಹಾಡುವ ಧಾಟಿಯನ್ನೇ ಪಿಯಾನೊದಲ್ಲಿ ಜೊತೆಜೊತೆಗೆ ನುಡಿಸಬೇಡಿ, ಸಣ್ಣಸಣ್ಣ ಶ್ರುತಿ ವ್ಯತ್ಯಾಸಗಳೆಲ್ಲ ಎದ್ದು ಕಾಣುತ್ತವೆ. ಬೇಕಿದ್ದರೆ ಒಂದು ಸ್ಥಾಯಿ ಕೆಳಗೆ, ಆಯ್ದ ಕಡೆ ಮಾತ್ರ ನುಡಿಸಿ. ಮೊದಲ ಸಾಲಿಗೇ ಎಲ್ಲ ವಾದ್ಯಗಳನ್ನೂ ತರುವ ಆಸೆ ಆಗುತ್ತದೆ. ತಡೆಯಿರಿ. ಮೊದಲ ಎರಡು ಸಾಲು ದನಿ ಒಂಟಿಯಾಗೇ ಇರಲಿ. ಕೇಳುವವರಿಗೆ ಆ ವ್ಯಕ್ತಿಯ ಪರಿಚಯ ಆಗಬೇಕಲ್ವಾ.

ತಾಳ್ಮೆಯಿಂದ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟಿಷ್ ಸಂಗೀತಗಾರ ಗ್ಯಾವಿನ್ ಬ್ರೈಯರ್ಸ್ ಅವರ ಕೆಲಸ ನೋಡಬೇಕು. 1971ರಲ್ಲಿ ಅವರ ಗೆಳೆಯರೊಬ್ಬರು ಲಂಡನ್ನಿನ ಬೀದಿಬದಿಯ ಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡುವಾಗ, ಮನೆಮಠ ಇಲ್ಲದ ಒಬ್ಬ ಮುದುಕ ಹಾಡಿದ ಪುಟ್ಟ ಭಕ್ತಿಗೀತೆ ರೆಕಾರ್ಡ್ ಆಗಿತ್ತು. ಚಿತ್ರದಲ್ಲಿ ಅದು ಬಳಕೆಯಾಗಲಿಲ್ಲ, ಟೇಪ್ ಬ್ರೈಯರ್ಸ್ ಕೈಗೆ ಬಂತು. ಮನೆಯಲ್ಲಿ ಹಾಕಿ ಕೇಳಿದರೆ ಮುದುಕನ ಶ್ರುತಿ ಅವರ ಪಿಯಾನೊಗೆ ಸರಿಹೊಂದುತ್ತಿತ್ತು. ಹಾಡಿನ ಮೊದಲ ಭಾಗ 13 ಬಾರ್ ಇತ್ತು. ಅದನ್ನು ಸುತ್ತಿ ಸುತ್ತಿ ಬರುವ ಲೂಪ್ ಮಾಡಿ, ಅದರ ಕೆಳಗೆ ತೀರಾ ಸರಳವಾದ ಕಾರ್ಡ್‌ಗಳನ್ನಿಟ್ಟು, ವಾದ್ಯಗಳನ್ನು ನಿಧಾನವಾಗಿ ಒಂದೊಂದಾಗಿ ತುಂಬುತ್ತಾ ಹೋದರು. ದನಿಯನ್ನು ತಿದ್ದಿ ನೇರ ಮಾಡಲಿಲ್ಲ, ಅದು ಇದ್ದಂತೆಯೇ ಬರುತ್ತಿರುತ್ತದೆ, ಸುತ್ತ ವಾದ್ಯವೃಂದ ಬೆಳೆಯುತ್ತದೆ. ಸಿದ್ಧವಾದದ್ದನ್ನು ಕೇಳುವ ಮೊದಲೇ ಆ ಮುದುಕ ತೀರಿಕೊಂಡರು. ನಿಮ್ಮ ಗಾಯಕರು ಇದ್ದಾರೆ, ಕೆಳಗೆ ಬರೆದದ್ದನ್ನು ಓದಬಲ್ಲಿರಿ, ಉತ್ತರ ಬರೆಯಬಲ್ಲಿರಿ. ಈ ಅನುಕೂಲವನ್ನು ಬಿಡಬೇಡಿ.

ಮಿಕ್ಸಿಂಗ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅಲ್ಲಿ ಗುಡುಗುಡು ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ. ಹಿನ್ನೆಲೆಯ ಸೊಂಯ್ ಸದ್ದನ್ನು ಪೂರ್ತಿ ಅಳಿಸಲು ಹೋದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಸ್ವಲ್ಪ ಮಾತ್ರ ತಗ್ಗಿಸಿ, ಉಳಿದದ್ದನ್ನು ವಾದ್ಯಗಳು ಮುಚ್ಚುತ್ತವೆ. ನಾಯ್ಸ್ ಗೇಟ್ (ಸದ್ದು ತಗ್ಗಿದ ಕೂಡಲೇ ದನಿಯನ್ನು ಪೂರ್ತಿ ಮುಚ್ಚುವ ಸೌಲಭ್ಯ) ಬೇಡವೇ ಬೇಡ, ಸಾಲು ಮುಗಿದ ತಕ್ಷಣ ಕೋಣೆಯೇ ಮಾಯವಾದಂತೆ ಕೇಳುತ್ತದೆ. ಅದರ ಬದಲು, ಹಾಡು ಶುರುವಾಗುವ ಮುಂಚಿನ ಖಾಲಿ ಸದ್ದನ್ನು ಕತ್ತರಿಸಿಕೊಂಡು ನಿಮ್ಮ ಆರಂಭದ ಸಂಗೀತದ ಕೆಳಗೆ ಮೆಲ್ಲಗೆ ಹಾಸಿ. ಆಗ ದನಿ ಧುತ್ತೆಂದು ಬಂದಂತಾಗುವುದಿಲ್ಲ. ವಾದ್ಯಗಳಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡೆಸಿಬಲ್ ತಗ್ಗಿಸಿದರೆ ಮಾತು ಸ್ಪಷ್ಟವಾಗುತ್ತದೆ. ದನಿಗೆ ಅಂಟಿರುವ ಕೋಣೆಯ ಮೊಳಗನ್ನು ದನಿ ಕೆಡದಂತೆ ಪೂರ್ತಿ ತೆಗೆಯುವುದು ಕಷ್ಟ. ವಾದ್ಯಗಳಿಗೇ ಅಂಥ ಚಿಕ್ಕ ರಿವರ್ಬ್ ಕೊಟ್ಟು ಎಲ್ಲರನ್ನೂ ಒಂದೇ ಕೋಣೆಗೆ ಕರೆದುಕೊಂಡು ಬನ್ನಿ.

ಕೊನೆಗೆ ಅನುಮತಿ. "ಯಾರು ಬೇಕಾದರೂ ಸಂಗೀತ ಸೇರಿಸಬಹುದು" ಎಂಬ ಮಾತು ಒಳ್ಳೆಯದೇ, ಆದರೆ ಸಾಲದು. ಸೇರಿಸಿದ್ದನ್ನು ಹಂಚಬಹುದಾ, ಮಾರಬಹುದಾ, ವಿಡಿಯೊಗೆ ಹಾಕಬಹುದಾ ಎಂಬುದು ಅದರಲ್ಲಿಲ್ಲ. ಜೊತೆಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿದ್ದರೆ ಅದರ ಅಕ್ಷರಗಳನ್ನು ನೋಡಿ. ಬಿವೈ ಇದ್ದರೆ ಹೆಸರು ಹಾಕಲೇಬೇಕು. ಎನ್‌ಸಿ ಇದ್ದರೆ ಹಣ ಮಾಡುವ ಉದ್ದೇಶಕ್ಕೆ ಬಳಸುವಂತಿಲ್ಲ. ಎಸ್‌ಎ ಇದ್ದರೆ ನಿಮ್ಮ ಕೆಲಸವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಎನ್‌ಡಿ ಇದ್ದರೆ ಬದಲಿಸಿದ್ದನ್ನು ಹಂಚುವಂತಿಲ್ಲ, ಅವರು ಬರೆದ ಮಾತಿಗೂ ಅದಕ್ಕೂ ತಾಳೆಯಾಗದ ಕಾರಣ ಕೇಳಿಯೇ ಮುಂದುವರಿಯಿರಿ. ಇನ್ನೊಂದು ಮುಖ್ಯ ಪ್ರಶ್ನೆ: ಸಾಹಿತ್ಯ, ಧಾಟಿ ಅವರದೇನಾ? ರೆಕಾರ್ಡಿಂಗ್‌ನ ಹಕ್ಕು ಬೇರೆ, ಹಾಡಿನ ಹಕ್ಕು ಬೇರೆ. ಬೇರೆಯವರ ಹಾಡನ್ನು ಹಾಡಿದ್ದರೆ ಇವರೊಬ್ಬರ ಒಪ್ಪಿಗೆ ಸಾಕಾಗುವುದಿಲ್ಲ.

ಹಾಗಾಗಿ ಈಗಲೇ, ಪೂರ್ತಿ ಮುಗಿಸುವ ಮೊದಲೇ, ಅವರಿಗೆ ನಾಲ್ಕು ಸಾಲು ಬರೆಯಿರಿ. ಯಾರು ನೀವು, ಏನು ಮಾಡಬೇಕೆಂದಿದ್ದೀರಿ, ಎಲ್ಲಿ ಹಾಕುತ್ತೀರಿ, ಹಣ ಬಂದರೆ ಹೇಗೆ ಹಂಚುವುದು, ಹೆಸರು ಹೇಗೆ ಹಾಕಬೇಕು, ಇಷ್ಟು ಕೇಳಿ. ಜೊತೆಗೆ ಪಲ್ಲವಿಯ ಕಚ್ಚಾ ಮಿಕ್ಸ್ ಒಂದನ್ನು ಕಳಿಸಿ, ಗಿಟಾರ್ ಒಂದೇ ಇರುವಷ್ಟು ಸರಳವಾದದ್ದು. ಅದನ್ನು ಕೇಳಿ ಅವರು "ಎರಡನೇ ಸಾಲು ನಾನು ಹಾಗೆ ಅಂದುಕೊಂಡಿರಲಿಲ್ಲ" ಎಂದರೆ ಅದನ್ನು ಹೇಗೆ ಅಂದುಕೊಂಡಿದ್ದರು ಎಂದು ಕೇಳಿ ತಿಳಿದುಕೊಳ್ಳಿ. ಎ ಮೈನರ್ ಇಟ್ಟ ಜಾಗಕ್ಕೆ ಸಿ ಬರಬೇಕಾ ಎಂಬುದು ಆ ಉತ್ತರದಿಂದಲೇ ಗೊತ್ತಾಗುತ್ತದೆ. ಅವರ ಉತ್ತರ ಬರುವವರೆಗೆ ಟೆಂಪೊ ಮ್ಯಾಪ್ ಮುಗಿಸಿಡಿ, ಆ ಕೆಲಸ ಹೇಗೂ ಬೇಕೇ ಬೇಕು.